ಹಗೇವಿನ ದೀಪ ಮತ್ತು ಪರವಾನಗಿ ಪತ್ರ: ತೇರದಾಳ ಸೀಮೆಯ ಅಪಾಯದ ಕಸುಬುಗಳಲ್ಲಿ ಸುರಕ್ಷತೆಯ ಕಟ್ಟಳೆ

1. ಪೀಠಿಕೆ

ಕನ್ನಡ ಜಾನಪದ ಅಧ್ಯಯನವು ಗ್ರಾಮೀಣ ಕಸುಬುಗಳನ್ನು ಕುರಿತು ಗಣನೀಯ ಕೆಲಸ ಮಾಡಿದೆ. ನೇಯ್ಗೆ, ಬಣ್ಣಗಾರಿಕೆ, ಸುಣ್ಣ ಸುಡುವಿಕೆ, ಗಾಣ, ಕುಲುಮೆ ಮೊದಲಾದವುಗಳ ಉಪಕರಣಗಳು, ವೃತ್ತಿಪದಗಳು, ಆಚರಣೆಗಳು ಹಾಗೂ ಹಾಡುಗಳು ಸಂಗ್ರಹಗೊಂಡಿವೆ. ಆದರೆ ಒಂದು ಕಸುಬು ತನ್ನ ಕೆಲಸಗಾರನ ಜೀವವನ್ನು ಹೇಗೆ ಕಾಪಾಡಿಕೊಳ್ಳುತ್ತಿತ್ತು ಎಂಬ ಪ್ರಶ್ನೆಗೆ ಈ ಸಂಗ್ರಹಗಳಲ್ಲಿ ದೊರೆಯುವ ಉತ್ತರ ಅತ್ಯಲ್ಪ. ಬೆಂಕಿ, ವಿಷಗಾಳಿ, ಕ್ಷಾರ, ಕುದಿನೀರುಗಳ ನಡುವೆ ತಲೆಮಾರುಗಳ ಕಾಲ ನಡೆದುಬಂದ ವೃತ್ತಿಗಳು ಯಾವುದೋ ಒಂದು ಕಟ್ಟಳೆಯಿಲ್ಲದೆ ಉಳಿದಿರಲಾರವು. ಆ ಕಟ್ಟಳೆಯ ಸ್ವರೂಪವನ್ನು ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ.

ಆಧುನಿಕ ಉದ್ಯಮದಲ್ಲಿ ಈ ವಿಷಯಕ್ಕೆ ‘ಪ್ರಕ್ರಿಯಾ ಸುರಕ್ಷತೆ’ ಎಂಬ ಹೆಸರಿದೆ. ಕೆಲಸಗಾರನು ಕಾಲು ಜಾರಿ ಬೀಳದಂತೆ, ಯಂತ್ರಕ್ಕೆ ಕೈ ಸಿಕ್ಕದಂತೆ ನೋಡಿಕೊಳ್ಳುವುದು ಸಾಮಾನ್ಯ ಸುರಕ್ಷತೆ. ಅಪಾಯಕಾರಿ ರಾಸಾಯನಿಕವು ತಾನಿರಬೇಕಾದ ಪಾತ್ರೆ, ಕೊಳವೆ, ತೊಟ್ಟಿಗಳಿಂದ ಹೊರಬೀಳದಂತೆ, ಹೊತ್ತಿಕೊಳ್ಳದಂತೆ, ಸ್ಫೋಟಿಸದಂತೆ ಇಡೀ ಪ್ರಕ್ರಿಯೆಯನ್ನೇ ಹತೋಟಿಯಲ್ಲಿಡುವುದು ಪ್ರಕ್ರಿಯಾ ಸುರಕ್ಷತೆ. ಇದಕ್ಕಾಗಿ ರೂಪುಗೊಂಡ ನಿಯಮಗಳನ್ನು ದಿನದಿನವೂ ಪಾಲಿಸುತ್ತಿರುವುದೇ ಅನುಪಾಲನೆ. ಇದು ಎಂಜಿನಿಯರುಗಳ ಮತ್ತು ಕಾರ್ಖಾನೆ ನಿರೀಕ್ಷಕರ ಕ್ಷೇತ್ರ ಎಂಬುದು ರೂಢಿಯ ತಿಳಿವಳಿಕೆ. ಜಾನಪದ ವಿದ್ವಾಂಸನಿಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ಅನುಪಾಲನೆಯು ಮೂಲತಃ ಮನುಷ್ಯರು ಒಂದು ವಿಧಿಯನ್ನು ಏಕೆ ಪಾಲಿಸುತ್ತಾರೆ, ಯಾವಾಗ ಮುರಿಯುತ್ತಾರೆ ಎಂಬ ಪ್ರಶ್ನೆಯಾಗಿದೆ. ವಿಧಿ, ನಿಷೇಧ, ರೂಢಿಗಳ ಅಧ್ಯಯನವೇ ಜಾನಪದವಾಗಿರುವುದರಿಂದ ಈ ಪ್ರಶ್ನೆ ನಮ್ಮದೂ ಹೌದು.

2. ಸೀಮೆಯ ಸ್ವರೂಪ

ಕೃಷ್ಣಾ ನದಿಯ ದಕ್ಷಿಣಕ್ಕಿರುವ ತೇರದಾಳ ಇಂದಿನ ಬಾಗಲಕೋಟೆ ಜಿಲ್ಲೆಯ ಪ್ರಾಚೀನ ಪಟ್ಟಣಗಳಲ್ಲೊಂದು. ಕ್ರಿ.ಶ. 1123ರಲ್ಲಿ ಮಾಂಡಲಿಕ ಗೊಂಕನು ಇಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದ ವಿಷಯ ಶಾಸನದಿಂದ ತಿಳಿದುಬರುತ್ತದೆ. ಅಲ್ಲಮಪ್ರಭುವಿನ ದೇವಾಲಯದಿಂದಲೂ ಊರು ಪ್ರಸಿದ್ಧವಾಗಿದೆ. ಬ್ರಿಟಿಷರ ಕಾಲದಲ್ಲಿ ತೇರದಾಳ ಮತ್ತು ರಬಕವಿಗಳು ಸಾಂಗಲಿ ಸಂಸ್ಥಾನಕ್ಕೆ, ನೆರೆಯ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದವು. ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಬೀಳಗಿಯು ನೇರವಾಗಿ ಬ್ರಿಟಿಷರ ಆಡಳಿತದಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1956ರಲ್ಲಿ ಈ ಪ್ರದೇಶವು ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯೂ 2018ರಲ್ಲಿ ರಬಕವಿ–ಬನಹಟ್ಟಿ ತಾಲೂಕೂ ಅಸ್ತಿತ್ವಕ್ಕೆ ಬಂದವು.

ಈ ರಾಜಕೀಯ ವಿವರವು ನಮ್ಮ ವಿಷಯಕ್ಕೆ ಅಪ್ರಸ್ತುತವಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1881ರಿಂದಲೇ ಕಾರ್ಖಾನೆ ಕಾಯ್ದೆ ಇತ್ತು. ಸಂಸ್ಥಾನಗಳಿಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೇ ಬಗೆಯ ಕೆಲಸ ಮಾಡುವ, ಒಂದೇ ಸಂತೆಗೆ ಹೋಗುವ ಜನರು ಮೂರು ನಾಲ್ಕು ಆಡಳಿತಗಳ ಕೆಳಗೆ ಹಂಚಿಹೋಗಿದ್ದರು. ಹೀಗಾಗಿ ಕೆಲಸದ ಸ್ಥಳದ ಸುರಕ್ಷತೆಯು ಇಲ್ಲಿ ಬಹುಕಾಲ ಸರಕಾರದ ಕಾನೂನಿಗಿಂತ ಹೆಚ್ಚಾಗಿ ಮನೆತನದ, ಕಸುಬಿನ, ಊರಿನ ಕಟ್ಟಳೆಯನ್ನೇ ಅವಲಂಬಿಸಿತ್ತು.

ಸೀಮೆಯ ಆರ್ಥಿಕ ಜೀವನದಲ್ಲಿ ಮೂರು ಪದರುಗಳನ್ನು ಗುರುತಿಸಬಹುದು. ಮೊದಲನೆಯದು ಜೋಳದ ಬೇಸಾಯ ಮತ್ತು ಅದರ ಸಂಗ್ರಹ. ಎರಡನೆಯದು ನೇಯ್ಗೆ ಹಾಗೂ ನೂಲಿಗೆ ಬಣ್ಣ ಹಾಕುವ ಕಸುಬು. ಮೂರನೆಯದು ನೀರಾವರಿಯೊಂದಿಗೆ ಹಬ್ಬಿದ ಕಬ್ಬು, ಸಕ್ಕರೆ ಕಾರ್ಖಾನೆ ಮತ್ತು ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿ. ಪ್ರತಿಯೊಂದು ಪದರಿಗೂ ತನ್ನದೇ ಆದ ಅಪಾಯವಿದೆ. ಹಗೇವಿನ ಗಾಳಿ, ಬಣ್ಣದ ಮನೆಯ ಕ್ಷಾರ ಮತ್ತು ಡಿಸ್ಟಿಲರಿಯ ಅನಿಲ ಇವನ್ನು ಕ್ರಮವಾಗಿ ಪರಿಶೀಲಿಸೋಣ.

3. ಹಗೇವು: ದೀಪ, ಹಗ್ಗ, ಮೇಲಿನ ಮನುಷ್ಯ

ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಜೋಳವನ್ನು ನೆಲದೊಳಗೆ ಕೂಡಿಡುವ ಕುಣಿಗೆ ಹಗೇವು ಅಥವಾ ಹಗೆ ಎಂದು ಹೆಸರು. ಗಟ್ಟಿ ನೆಲದಲ್ಲಿ ಬಾಯಿ ಕಿರಿದು, ಹೊಟ್ಟೆ ಅಗಲ ಇರುವಂತೆ ಇದನ್ನು ತೋಡುತ್ತಿದ್ದರು. ಒಳಮೈಗೆ ಹುಲ್ಲು ಹೊಂದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಈ ಕುಣಿಯಲ್ಲಿ ಹುಳು ಬದುಕುವುದಿಲ್ಲವಾದ್ದರಿಂದ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು.

ಹುಳುವನ್ನು ಕೊಲ್ಲುವ ಗುಣವೇ ಮನುಷ್ಯನನ್ನೂ ಕೊಲ್ಲುತ್ತದೆ. ಕಾಳು ಉಸಿರಾಡುವ ವಸ್ತು. ಅದು ಕುಣಿಯಲ್ಲಿನ ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಈ ಅನಿಲವು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಬಾಯಿ ತೆರೆದ ಮಾತ್ರಕ್ಕೆ ಹೊರಗೆ ಹೋಗದೆ ತಳದಲ್ಲಿ ನಿಲ್ಲುತ್ತದೆ. ತೆರೆದ ಕೂಡಲೇ ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲಿಯೇ ಉಳಿಯುತ್ತಾನೆ.

ಇದಕ್ಕೆ ಪ್ರತಿಯಾಗಿ ಬೆಳೆದ ಕಟ್ಟಳೆಯು ಸರಳವಾಗಿದೆ. ಹಗೇವನ್ನು ಹಗಲು ಹೊತ್ತಿನಲ್ಲಿಯೇ ತೆರೆಯಬೇಕು. ತೆರೆದ ಮೇಲೆ ಒಳಗಿನ ಕಾವು ಹೋಗುವವರೆಗೆ ಕಾಯಬೇಕು. ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡಬೇಕು. ದೀಪ ಆರಿದರೆ ಇಳಿಯಕೂಡದು. ದೀಪ ನಿಂತ ಮೇಲೆ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಮೇಲೆ ನಿಂತವರು ಹಿಡಿಯಬೇಕು. ಇಳಿದವನು ಮಾತಾಡುತ್ತಿರಬೇಕು, ಮಾತು ನಿಂತರೆ ಎಳೆದುಕೊಳ್ಳಬೇಕು.

ಈ ಕಟ್ಟಳೆಯನ್ನು 1948ರ ಕಾರ್ಖಾನೆ ಕಾಯ್ದೆಯ 36ನೆಯ ಪ್ರಕರಣದೊಂದಿಗೆ ಹೋಲಿಸುವುದು ಉಪಯುಕ್ತ. ಅಪಾಯಕಾರಿ ಅನಿಲ ಇರಬಹುದಾದ ಕೋಣೆ, ತೊಟ್ಟಿ, ಕುಣಿಗಳೊಳಗೆ ಕಾರ್ಮಿಕನನ್ನು ಇಳಿಸಬೇಕಾದರೆ ಆ ಪ್ರಕರಣ ಎರಡು ದಾರಿಗಳನ್ನು ಹೇಳಿತ್ತು. ಒಂದು, ಸಮರ್ಥ ವ್ಯಕ್ತಿಯೊಬ್ಬನು ಸ್ವತಃ ಪರೀಕ್ಷೆ ಮಾಡಿ, ಒಳಗಿನ ಗಾಳಿ ಅಪಾಯಮುಕ್ತವಾಗಿದೆ ಎಂದು ಲಿಖಿತ ಪ್ರಮಾಣಪತ್ರ ಕೊಡಬೇಕು. ಇಲ್ಲವೇ, ಇಳಿಯುವವನು ಉಸಿರಾಟದ ಸಾಧನ ಧರಿಸಿ, ಸೊಂಟಪಟ್ಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಹೊರಗಿರುವ ವ್ಯಕ್ತಿ ಹಿಡಿದಿರಬೇಕು. ಪರೀಕ್ಷೆ, ಹಗ್ಗ, ಹೊರಗಿನ ಮನುಷ್ಯ ಎಂಬ ಮೂರೂ ಅಂಗಗಳು ಹಗೇವಿನ ಕಟ್ಟಳೆಯಲ್ಲಿ ಮೊದಲೇ ಇದ್ದವು ಎಂಬುದು ಗಮನಾರ್ಹ. ಇಂದಿನ ಕಾರ್ಖಾನೆಗಳಲ್ಲಿ ‘ಕೆಲಸದ ಪರವಾನಗಿ ಪತ್ರ’ ಎಂದು ಕರೆಯುವ ವ್ಯವಸ್ಥೆಯ ಬೀಜ ಇಲ್ಲಿದೆ.

ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಪೂರ್ವಜರ ಪ್ರಶಂಸೆಯಾಗುವುದೇ ಹೊರತು ಅಧ್ಯಯನವಾಗುವುದಿಲ್ಲ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಸುಮಾರು 21%. ಎಣ್ಣೆಯ ದೀಪ ಆರುವುದು ಅದು 16–17%ರ ಆಸುಪಾಸಿಗೆ ಇಳಿದಾಗ. ಇಂದು ಅಂತರರಾಷ್ಟ್ರೀಯವಾಗಿ ರೂಢಿಯಲ್ಲಿರುವ ಸುರಕ್ಷತೆಯ ಮಿತಿ 19.5%. ಎಂದರೆ, ಇಳಿಯಬಾರದ ಸ್ಥಿತಿಯಲ್ಲಿಯೂ ದೀಪ ಉರಿಯುತ್ತಲೇ ಇರುವ ಒಂದು ಅಂತರವಿದೆ. ಕೊಳೆತ ವಸ್ತುವಿನಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್‌ನಂಥ ವಿಷಾನಿಲವನ್ನು ದೀಪವು ತೋರಿಸಲಾರದು. ಹಗೇವಿಗೆ ಹೊಂದಿದ ಸಾಧನ ಬೇರೆ ಕುಣಿಗೆ ಹೊಂದಲೇಬೇಕೆಂದಿಲ್ಲ. ಲೇಖನದ ಮುಂದಿನ ಭಾಗಗಳಿಗೆ ಈ ಮಾತು ಮುಖ್ಯವಾದುದು.

4. ನೀಲಿಯ ಬಾನಿ ಮತ್ತು ಕೈಯ ಪರೀಕ್ಷೆ

ನೂಲಿಗೆ ನೀಲಿ ಹಾಕುವ ವೃತ್ತಿಯವರಿಗೆ ಈ ಭಾಗದಲ್ಲಿ ನೀಲಗಾರರು ಎಂದು ಹೆಸರು. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗೆಜೆಟಿಯರ್‌ನ ಧಾರವಾಡ ಮತ್ತು ವಿಜಾಪುರ ಸಂಪುಟಗಳು ಇವರನ್ನು ಉಲ್ಲೇಖಿಸುತ್ತವೆ. ದಕ್ಷಿಣದ ಮೈಸೂರು ಸೀಮೆಯ ನೀಲಗಾರರ ಕ್ರಮವನ್ನು 1800–01ರಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ತಗಚೆ ಬೀಜ, ಚೌಳು, ಸುಣ್ಣಗಳ ನೆರವಿನಿಂದ ನೀಲಿಯನ್ನು ಹುದುಗು ಬರಿಸುವುದು ಆ ಕ್ರಮದ ತಿರುಳು. ನೀಲಿಯು ನೀರಿನಲ್ಲಿ ಕರಗುವುದಿಲ್ಲ. ಕ್ಷಾರದ ನೀರಿನಲ್ಲಿ ಹುದುಗಿ, ಬಣ್ಣ ಬದಲಿಸಿ ಕರಗಿದಾಗ ಮಾತ್ರ ಅದು ನೂಲಿಗೆ ಹಿಡಿಯುತ್ತದೆ. ನೂಲನ್ನು ಹೊರತೆಗೆದು ಗಾಳಿಗೆ ಹಿಡಿದಾಗ ಮತ್ತೆ ನೀಲಿಯಾಗುತ್ತದೆ.

ಬಾನಿಯು ಹದಕ್ಕೆ ಬಂದಿದೆಯೇ ಎಂಬುದನ್ನು ತಿಳಿಯಲು ಬಣ್ಣಗಾರನಿಗೆ ಇದ್ದ ಸಾಧನ ಅವನ ದೇಹವೇ. ನೊರೆಯ ಬಣ್ಣ ನೋಡುವುದು, ವಾಸನೆ ಹಿಡಿಯುವುದು, ನೀರನ್ನು ಬೆರಳುಗಳ ನಡುವೆ ಉಜ್ಜಿ ಜಿಗುಟು ನೋಡುವುದು, ಕೆಲವೆಡೆ ನಾಲಿಗೆಗೆ ಮುಟ್ಟಿಸುವುದು ಜಗತ್ತಿನ ಅನೇಕ ಭಾಗಗಳ ನೀಲಿ ಬಣ್ಣಗಾರರಲ್ಲಿ ಕಂಡುಬರುವ ಕ್ರಮ. ಸುಣ್ಣ ಮತ್ತು ಚೌಳಿನ ನೀರು ಕೈಯನ್ನು ಒಡೆಯುವಂತೆ ಮಾಡಿದರೂ ಒಂದು ಸ್ಪರ್ಶಕ್ಕೆ ಕಣ್ಣು ಕಳೆಯುವಷ್ಟು, ಗಂಟಲು ಸುಡುವಷ್ಟು ತೀಕ್ಷ್ಣವಾಗಿರಲಿಲ್ಲ. ಹಸಿ ಸುಣ್ಣವನ್ನು ಅರಳಿಸುವಾಗ ಮಾತ್ರ ಹೆಚ್ಚಿನ ಎಚ್ಚರ ಬೇಕಾಗುತ್ತಿತ್ತು. ಸುಣ್ಣ ಕುದಿಯುವಾಗ ಮಕ್ಕಳನ್ನು ದೂರವಿಡುವುದು, ಮುಖ ಬಗ್ಗಿಸದಿರುವುದು ಮನೆಮನೆಯ ತಿಳಿವಳಿಕೆಯಾಗಿತ್ತು.

ಕಸುಬಿನ ಮನೆಯಲ್ಲಿ ಬಾನಿಯ ಸುತ್ತ ಮಡಿಯ ಕಲ್ಪನೆಯೂ ಇತ್ತು. ಹೊರಗಿನವರು ಬಾನಿಯ ಬಳಿ ಬರಬಾರದು, ಎಲ್ಲರೂ ಅದನ್ನು ಮುಟ್ಟಬಾರದು ಎಂಬ ನಿಷೇಧಗಳು ವೃತ್ತಿಯ ಗುಟ್ಟನ್ನು ಕಾಯುವುದರೊಂದಿಗೆ, ಅರಿಯದವರು ಕ್ಷಾರದ ಬಳಿ ಸುಳಿಯದಂತೆಯೂ ನೋಡಿಕೊಳ್ಳುತ್ತಿದ್ದವು. ನಿಷೇಧದ ಕಾರಣವನ್ನು ಧರ್ಮದ ಭಾಷೆಯಲ್ಲಿ ಹೇಳಲಾಗುತ್ತಿತ್ತು. ಅದರ ಪರಿಣಾಮ ಮಾತ್ರ ಲೌಕಿಕವಾಗಿತ್ತು. ಮಹಾನವಮಿಯಲ್ಲಿ ಉಪಕರಣಗಳನ್ನು ತೊಳೆದು ಪೂಜಿಸುವ ರೂಢಿಯೂ ವರ್ಷಕ್ಕೊಮ್ಮೆ ಪ್ರತಿಯೊಂದು ಉಪಕರಣವನ್ನು ಕೈಗೆತ್ತಿಕೊಂಡು ನೋಡುವ ಸಂದರ್ಭವನ್ನು ಒದಗಿಸುತ್ತಿತ್ತು.

5. ಬಿಳಿಯ ಪುಡಿಗಳ ಕಾಲ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಪ್ರಯೋಗಶಾಲೆಗಳು ಈ ಕಸುಬಿನ ಬುನಾದಿಯನ್ನೇ ಬದಲಿಸಿದವು. 1856ರಲ್ಲಿ ವಿಲಿಯಂ ಪರ್ಕಿನ್ ಮೊದಲ ಕೃತಕ ಬಣ್ಣವನ್ನು ತಯಾರಿಸಿದನು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು. 1901ರಲ್ಲಿ ಇಂಡಾಂತ್ರೀನ್ ವರ್ಗದ ವ್ಯಾಟ್ ಬಣ್ಣಗಳು, 1912ರಲ್ಲಿ ಹೊಸ ನ್ಯಾಫ್ತಾಲ್ ವರ್ಗದ ಬಣ್ಣಗಳು ಸಿದ್ಧಗೊಂಡವು. ಕ್ರಮೇಣ ನಮ್ಮ ನೇಕಾರ ಊರುಗಳ ಬಣ್ಣದ ಮನೆಗಳಿಗೂ ಇವು ಬಂದವು. ಡಬ್ಬಿಗಳ ಮೇಲೆ ದೇವತೆಗಳ ವರ್ಣಚಿತ್ರ ಅಂಟಿಸಿ ಭಾರತದಲ್ಲಿ ಮಾರುವುದು ಯುರೋಪಿನ ಬಣ್ಣದ ಕಂಪನಿಗಳ ರೂಢಿಯಾಗಿತ್ತು. ಓದು ಬಾರದ ಕೊಳ್ಳುಗನು ಚಿತ್ರದಿಂದಲೇ ಸರಕನ್ನು ಗುರುತಿಸುತ್ತಿದ್ದನು. ಆ ಚಿತ್ರವು ಡಬ್ಬಿಯೊಳಗಿನ ಅಪಾಯದ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ.

ಹೊಸ ಬಣ್ಣಗಳೊಂದಿಗೆ ಹೊಸ ಸಹಾಯಕ ದ್ರವ್ಯಗಳು ಬಂದವು. ವ್ಯಾಟ್ ಬಣ್ಣ ಕರಗಿಸಲು ಕಾಸ್ಟಿಕ್ ಸೋಡಾ ಮತ್ತು ಬಣ್ಣಗಾರರ ಮಾತಿನಲ್ಲಿ ‘ಹೈಡ್ರೋಸ್’ ಎನಿಸಿದ ಸೋಡಿಯಂ ಹೈಡ್ರೋಸಲ್ಫೈಟ್, ನ್ಯಾಫ್ತಾಲ್ ಬಣ್ಣಕ್ಕೆ ಸೋಡಿಯಂ ನೈಟ್ರೈಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ, ನೂಲು ಬಿಳುಪಾಗಿಸಲು ಬ್ಲೀಚಿಂಗ್ ಪೌಡರ್, ಇವುಗಳ ಜೊತೆಗೆ ಸೋಡಾ ಮತ್ತು ಉಪ್ಪು. ಆಮ್ಲವೊಂದನ್ನು ಬಿಟ್ಟರೆ ಎಲ್ಲವೂ ಕಣ್ಣಿಗೆ ಹೆಚ್ಚುಕಡಿಮೆ ಬಿಳಿಯ ಪುಡಿ ಅಥವಾ ಚೂರುಗಳೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯು ಬಣ್ಣದ ಮನೆಯಲ್ಲಿ ಅಕ್ಷರಶಃ ಸತ್ಯವಾಯಿತು.

ಇವುಗಳ ನಡವಳಿಕೆ ಒಂದರಂತೆ ಇನ್ನೊಂದಿಲ್ಲ. ಕಾಸ್ಟಿಕ್ ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಅದರ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯುತ್ತದೆ. ಹೈಡ್ರೋಸ್‌ನ ಡಬ್ಬಿಗೆ ತೇವ ತಗುಲಿದರೆ ತಾನಾಗಿ ಕಾದು ಹೊತ್ತಿಕೊಂಡು ಗಂಧಕದ ಹೊಗೆ ಬಿಡುತ್ತದೆ. ಬ್ಲೀಚಿಂಗ್ ಪೌಡರಿಗೆ ಆಮ್ಲ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ನೈಟ್ರೈಟು ಉಪ್ಪಿನಂತೆ ಕಾಣುವ ವಿಷ. ಅಡುಗೆಯ ಉಪ್ಪೆಂದು ಬಳಸಿ ಜನ ಸತ್ತ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಬಣ್ಣದ ಮನೆ ಮತ್ತು ಅಡುಗೆಮನೆ ಒಂದೇ ಸೂರಿನ ಕೆಳಗಿರುವ ನೇಕಾರ ಮನೆತನಗಳಲ್ಲಿ ಈ ಕೊನೆಯ ಸಂಗತಿಯ ಗಂಭೀರತೆಯನ್ನು ಹೇಳಬೇಕಾಗಿಲ್ಲ.

ಸಾವಧಾನವಾಗಿ ಕೊಲ್ಲುವ ಅಪಾಯವೂ ಇತ್ತು. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಾಣಿಸಿಕೊಂಡುದನ್ನು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಷ್ಟು ಹಿಂದೆಯೇ ವರದಿ ಮಾಡಿದ್ದನು. ಬೆಂಜಿಡೀನ್ ಮೂಲದ ಬಣ್ಣಗಳನ್ನು ಹಾಗೂ ಇತರ ಅನೇಕ ಅಜೋ ಬಣ್ಣಗಳನ್ನು ಭಾರತ ಸರಕಾರ ನಿಷೇಧಿಸಿದ್ದು 1990ರ ದಶಕದಲ್ಲಿ. ಅರಿವಿಗೂ ನಿಷೇಧಕ್ಕೂ ನಡುವೆ ಒಂದು ಶತಮಾನ ಉರುಳಿತು.

ಈ ಬದಲಾವಣೆಯಲ್ಲಿ ಜಾನಪದ ದೃಷ್ಟಿಯಿಂದ ಗಮನಿಸಬೇಕಾದುದು ಕಟ್ಟಳೆಯ ಒಡಕು. ಹಳೆಯ ದ್ರವ್ಯಗಳಿಗೆ ಹೊಂದಿದ್ದ ದೇಹದ ಪರೀಕ್ಷೆಯು ಹೊಸ ದ್ರವ್ಯಗಳ ಕಾಲದಲ್ಲಿಯೂ ಅಭ್ಯಾಸಬಲದಿಂದ ಮುಂದುವರಿಯಬಲ್ಲದು. ಬಾನಿಯ ನೀರನ್ನು ಬರಿಗೈಯಿಂದ ಉಜ್ಜಿ ನೋಡುವ, ಮೂಗು ಹಿಡಿದು ನೋಡುವ ಕೌಶಲವೇ ಕಾಸ್ಟಿಕ್ ಮತ್ತು ಕ್ಲೋರಿನ್ ಎದುರು ಅಪಾಯವಾಗುತ್ತದೆ. ಹೊಸ ದ್ರವ್ಯಕ್ಕೆ ಹೆಸರೂ ಸರಿಯಾಗಿ ಹುಟ್ಟಲಿಲ್ಲ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಕೀಟನಾಶಕವು ‘ಎಣ್ಣಿ’; ರಾಸಾಯನಿಕ ಗೊಬ್ಬರವು ‘ಸರಕಾರಿ ಗೊಬ್ಬರ’; ಉಳಿದ ಹಲವು ರಾಸಾಯನಿಕಗಳು ಬರಿಯ ‘ಪೌಡರು’. ಹೆಸರು ಗುಣವನ್ನು ಹೇಳದಿದ್ದಾಗ ಎಚ್ಚರವನ್ನು ಮಾತಿನ ಮೂಲಕ ಮುಂದಿನ ತಲೆಮಾರಿಗೆ ದಾಟಿಸುವುದು ಕಷ್ಟ.

6. ಕಾನೂನಿನ ಹಾದಿ ಮತ್ತು ಅದರ ಹೊಸ್ತಿಲು

ಅಪಾಯಕಾರಿ ರಾಸಾಯನಿಕಗಳನ್ನು ಕುರಿತ ಕಾನೂನುಗಳು ದುರಂತಗಳ ಬೆನ್ನಿಗೆ ಬಂದವು. ಇಂಗ್ಲೆಂಡಿನ ಫ್ಲಿಕ್ಸ್‌ಬರೋ (1974), ಇಟಲಿಯ ಸೆವೆಸೊ (1976) ದುರಂತಗಳ ನಂತರ ಯುರೋಪು 1982ರಲ್ಲಿ ಸೆವೆಸೊ ನಿರ್ದೇಶನವನ್ನು ಹೊರಡಿಸಿತು. 1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ಮಿಥೈಲ್ ಐಸೊಸಯನೇಟ್ ಸಾವಿರಾರು ಜನರ ಜೀವ ತೆಗೆದುಕೊಂಡಿತು. 1985ರ ಡಿಸೆಂಬರ್‌ನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಸೋರಿತು. ಇವುಗಳ ಹಿನ್ನೆಲೆಯಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆ, 1987ರ ಕಾರ್ಖಾನೆ ಕಾಯ್ದೆಯ ತಿದ್ದುಪಡಿ, 1989ರ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು, 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ, 1996ರ ರಾಸಾಯನಿಕ ಅಪಘಾತಗಳ ನಿಯಮಗಳು ಬಂದವು. ಕಾರ್ಖಾನೆಯೊಳಗಿನ ತುರ್ತು ಯೋಜನೆ, ಹೊರಗಿನ ತುರ್ತು ಯೋಜನೆ, ಸುರಕ್ಷತಾ ವರದಿ, ಜಿಲ್ಲಾ ಮತ್ತು ಸ್ಥಳೀಯ ಮಟ್ಟದ ಬಿಕ್ಕಟ್ಟು ನಿರ್ವಹಣಾ ಸಮಿತಿಗಳು ಈ ಚೌಕಟ್ಟಿನ ಭಾಗ.

1987ರ ತಿದ್ದುಪಡಿಯಲ್ಲಿ ಎರಡು ಅಂಶಗಳು ವಿಶೇಷವಾಗಿ ಪರಿಶೀಲನೆಗೆ ಅರ್ಹ. ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸುವುದು ಕಡ್ಡಾಯವಾಯಿತು. ತಕ್ಷಣದ ಅಪಾಯವಿದೆ ಎಂದು ಅನಿಸಿದಾಗ ಎಚ್ಚರಿಸುವ ಹಕ್ಕು ಕಾರ್ಮಿಕರಿಗೆ ದೊರೆಯಿತು. ‘ದೀಪ ಆರಿದೆ, ಇಳಿಯಬ್ಯಾಡ’ ಎಂದು ಹಗೇವಿನ ಬಾಯಲ್ಲಿ ನಿಂತು ಹೇಳುವವನ ಅಧಿಕಾರಕ್ಕೆ ಇದು ಕಾನೂನಿನ ರೂಪ. ಅದೇ ಕಾಯ್ದೆಯ ಅಪಾಯಕಾರಿ ಉದ್ಯಮಗಳ ಪಟ್ಟಿಯಲ್ಲಿ ಬಣ್ಣದ ಉದ್ಯಮವೂ ಡಿಸ್ಟಿಲರಿಗಳನ್ನು ಒಳಗೊಂಡ ಹುದುಗು ಉದ್ಯಮವೂ ಸೇರಿದ್ದವು.

ಆದರೆ ಪ್ರತಿಯೊಂದು ಕಾನೂನಿಗೂ ಒಂದು ಹೊಸ್ತಿಲಿದೆ. 1989ರ ನಿಯಮಗಳು ರಾಸಾಯನಿಕದ ಪ್ರಮಾಣವನ್ನು ಹೊಸ್ತಿಲಾಗಿ ಇಟ್ಟುಕೊಂಡಿವೆ. ಕ್ಲೋರಿನ್‌ಗೆ ಅದು 10 ಟನ್, ಇನ್ನೂ ಕಟ್ಟುನಿಟ್ಟಿನ ವಿಧಿಗಳಿಗೆ 25 ಟನ್. ಕಾರ್ಖಾನೆ ಕಾಯ್ದೆಗೆ ಕೆಲಸಗಾರರ ಸಂಖ್ಯೆಯೇ ಹೊಸ್ತಿಲು. ವಿದ್ಯುತ್ ಬಳಸಿದರೆ 10, ಬಳಸದಿದ್ದರೆ 20. ಆ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ, 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ‘ಕಾರ್ಖಾನೆ’ ಎಂಬುದರ ಹೊಸ್ತಿಲನ್ನು ಕ್ರಮವಾಗಿ 20 ಮತ್ತು 40ಕ್ಕೆ ಏರಿಸಿದೆ. ಅಪಾಯಕಾರಿ ಕೆಲಸವಾದರೆ ಒಬ್ಬನೇ ಕೆಲಸಗಾರನಿರುವ ಸ್ಥಳಕ್ಕೂ ಸಂಹಿತೆಯನ್ನು ವಿಸ್ತರಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿರುವುದು ಸ್ವಾಗತಾರ್ಹ. ಆದರೆ ಅಧಿಕಾರವಿರುವುದು ಬೇರೆ, ಮನೆಯ ಹಿತ್ತಲಿನ ಬಣ್ಣದ ತೊಟ್ಟಿಯವರೆಗೆ ಅದು ತಲುಪುವುದು ಬೇರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಆಳು ಸೇರಿ ನಡೆಸುವ ಬಣ್ಣದ ಮನೆ ಈ ಯಾವ ಹೊಸ್ತಿಲನ್ನೂ ದಾಟುವುದಿಲ್ಲ. ಕಾಸ್ಟಿಕ್ ಸೋಡಾ ಮಾತ್ರ ಕೆಲಸಗಾರರ ತಲೆ ಎಣಿಸಿ ಸುಡುವುದಿಲ್ಲ.

7. ಕಾಕಂಬಿಯಿಂದ ಮಿಥೇನ್‌ವರೆಗೆ

ಸೀಮೆಯ ಮೂರನೆಯ ಪದರಿನಲ್ಲಿ ಕಾನೂನಿನ ಹೊಸ್ತಿಲನ್ನು ನಿಸ್ಸಂದೇಹವಾಗಿ ದಾಟುವ ದೊಡ್ಡ ಉದ್ಯಮಗಳಿವೆ. ಮುಧೋಳ, ಜಮಖಂಡಿ ಭಾಗವು ರಾಜ್ಯದ ಪ್ರಮುಖ ಸಕ್ಕರೆ ವಲಯಗಳಲ್ಲೊಂದು. ಕಾಕಂಬಿಯನ್ನು ಹುದುಗಿಸಿ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಪ್ಪು ತ್ಯಾಜ್ಯನೀರನ್ನು ಅನೇಕ ಡಿಸ್ಟಿಲರಿಗಳು ಗಾಳಿಯಿಲ್ಲದ ಮುಚ್ಚಿದ ತೊಟ್ಟಿಗಳಲ್ಲಿ ಕೊಳೆಸುತ್ತವೆ. ಅದರಿಂದ ಮಿಥೇನ್ ಹುಟ್ಟುತ್ತದೆ; ಜೊತೆಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಮಿಥೇನ್ ಗಾಳಿಯಲ್ಲಿ 5ರಿಂದ 15% ಬೆರೆತಾಗ ಒಂದು ಕಿಡಿ ಸಾಕು. ಹೈಡ್ರೋಜನ್ ಸಲ್ಫೈಡ್ ಅಲ್ಪಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ, ಪ್ರಮಾಣ ಹೆಚ್ಚಾದಂತೆ ಮೂಗಿನ ಶಕ್ತಿಯನ್ನೇ ಅಡಗಿಸುತ್ತದೆ. ವಾಸನೆ ನಿಂತಿತು, ಅಪಾಯ ಕಳೆಯಿತು ಎಂದು ತಿಳಿಯುವವನು ಆಗ ಹೆಚ್ಚಿನ ಅಪಾಯದಲ್ಲಿರುತ್ತಾನೆ.

2018ರ ಡಿಸೆಂಬರ್ 16ರಂದು ಮುಧೋಳ ತಾಲೂಕಿನ ಕುಳಲಿ ಬಳಿಯ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯ ತ್ಯಾಜ್ಯ ಸಂಸ್ಕರಣಾ ವಿಭಾಗದಲ್ಲಿ ಸ್ಫೋಟ ಸಂಭವಿಸಿ ಕಾರ್ಮಿಕರು ಮೃತಪಟ್ಟರು, ಹಲವರು ಗಾಯಗೊಂಡರು. ಮೊದಲ ಸುದ್ದಿಗಳಲ್ಲಿ ಇದು ‘ಬಾಯ್ಲರ್ ಸ್ಫೋಟ’ ಎಂದು ಹರಡಿತು. ಈ ಹೆಸರು ಜಾನಪದ ಅಧ್ಯಯನಕಾರನ ಗಮನ ಸೆಳೆಯುತ್ತದೆ. ಕಾರ್ಖಾನೆಯಲ್ಲಿ ಯಾವುದೇ ಸ್ಫೋಟವಾದರೂ ಜನರ ಬಾಯಲ್ಲಿ ಅದು ಬಾಯ್ಲರ್ ಸ್ಫೋಟವೇ. ಉಗಿಯ ಒತ್ತಡದಿಂದ ಸಿಡಿಯುವ ಬಾಯ್ಲರಿನ ಅಪಾಯವನ್ನು ಜನ ಬಲ್ಲರು. ಅದಕ್ಕೆ ಪ್ರತ್ಯೇಕ ಕಾನೂನು, ಪ್ರತ್ಯೇಕ ನಿರೀಕ್ಷಕರು ಬಹುಕಾಲದಿಂದ ಇದ್ದಾರೆ. ಕೊಳೆನೀರಿನ ತೊಟ್ಟಿಯೂ ಸಿಡಿಯಬಲ್ಲದು ಎಂಬುದು ಇನ್ನೂ ಜನರ ತಿಳಿವಳಿಕೆಯ ಭಾಗವಾಗಿಲ್ಲ. ಅದಕ್ಕೆ ಹೆಸರಿಲ್ಲ, ಕಥೆಯಿಲ್ಲ, ಎಚ್ಚರಿಕೆಯ ಮಾತಿಲ್ಲ.

ಹಗೇವು ಮತ್ತು ಈ ತೊಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಎರಡೂ ಗಾಳಿಯಿಲ್ಲದ ಮುಚ್ಚಿದ ಸ್ಥಳಗಳು. ಎರಡರಲ್ಲಿಯೂ ಜೈವಿಕ ವಸ್ತುವೇ ಅಪಾಯದ ಗಾಳಿಯನ್ನು ಹುಟ್ಟಿಸುತ್ತದೆ. ಆದರೆ ಹಗೇವಿನಲ್ಲಿ ಜೀವ ಉಳಿಸುವ ದೀಪವು ಮಿಥೇನ್ ತುಂಬಿದ ತೊಟ್ಟಿಯಲ್ಲಿ ಸ್ವತಃ ಸ್ಫೋಟದ ಕಿಡಿಯಾಗುತ್ತದೆ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಬತ್ತಿಯ ಉರಿಯಿಂದಲೇ ಸ್ಫೋಟಗಳಾಗುತ್ತಿದ್ದುದರಿಂದ 1815ರಲ್ಲಿ ಹಂಫ್ರಿ ಡೇವಿಯು ತಂತಿಬಲೆಯ ಸುರಕ್ಷಾದೀಪವನ್ನು ರೂಪಿಸಿದನು. ನಮ್ಮ ಕಾರ್ಖಾನೆ ಕಾಯ್ದೆಯ 36–ಎ ಪ್ರಕರಣವೂ ಇಂಥ ಸ್ಥಳಗಳಲ್ಲಿ 24 ವೋಲ್ಟಿಗಿಂತ ಹೆಚ್ಚಿನ ವಿದ್ಯುತ್ ದೀಪವನ್ನು, ಹೊತ್ತಿಕೊಳ್ಳುವ ಅನಿಲವಿರುವಲ್ಲಿ ಜ್ವಾಲಾನಿರೋಧಕವಲ್ಲದ ದೀಪವನ್ನು ನಿಷೇಧಿಸಿತ್ತು. ಅನಿಲಮಾಪಕ ಯಂತ್ರವೇ ಇಂದಿನ ದೀಪ. ಕಾಯುವುದು, ಪರೀಕ್ಷಿಸುವುದು, ಹಗ್ಗ ಹಿಡಿದು ಮೇಲೆ ಒಬ್ಬ ನಿಲ್ಲುವುದು ಎಂಬ ಕ್ರಮ ಉಳಿಯಬೇಕು. ದೀಪವೆಂಬ ಸಾಧನ ಬದಲಾಗಬೇಕು. ಕ್ರಮವನ್ನು ಕೈಬಿಟ್ಟು ಸಾಧನವನ್ನು ಉಳಿಸಿಕೊಳ್ಳುವುದು, ಇಲ್ಲವೇ ಹೊಸ ಸಾಧನ ಕೊಂಡು ಕ್ರಮವನ್ನು ಮರೆಯುವುದು, ಎರಡೂ ಮಾರಕ.

8. ಜನಪದ ಕಟ್ಟಳೆಯ ಮಿತಿಗಳು

ಇಲ್ಲಿ ಜನಪದ ಕಟ್ಟಳೆಯನ್ನು ಆದರ್ಶವೆಂದು ಮುಂದಿಡುವ ಉದ್ದೇಶವಿಲ್ಲ. ಅದಕ್ಕೆ ಮೂರು ಸ್ಪಷ್ಟ ಮಿತಿಗಳಿವೆ.

ಒಂದನೆಯದಾಗಿ, ಅದು ಸಮಾನರ ನಡುವಿನ ಕಟ್ಟಳೆಯಾಗಿರಲಿಲ್ಲ. ಹಗೇವಿನ ಒಡೆಯನೂ ಅದರೊಳಗೆ ಇಳಿಯುವವನೂ ಬಹುತೇಕ ಬೇರೆಬೇರೆ. ಇಳಿಯುವ ಆಳು ‘ಒಲ್ಲೆ’ ಎನ್ನುವ ಸ್ಥಿತಿಯಲ್ಲಿ ಇದ್ದನೇ ಎಂಬ ಪ್ರಶ್ನೆಯನ್ನು ಕೇಳದೆ ಹಗ್ಗ ಹಿಡಿದವನನ್ನು ಹೊಗಳಲಾಗದು. ಇಂದಿನ ಗುತ್ತಿಗೆ ಕಾರ್ಮಿಕನ ವಿಷಯದಲ್ಲಿಯೂ ಇದೇ ಪ್ರಶ್ನೆ ಉಳಿದಿದೆ. 2013ರ ಕಾಯ್ದೆ ಬಂದ ಮೇಲೂ ದೇಶದಲ್ಲಿ ಒಳಚರಂಡಿಗೆ ಇಳಿದವರು ಸಾಯುತ್ತಿರುವುದು ಇದಕ್ಕೆ ಸಾಕ್ಷಿ.

ಎರಡನೆಯದಾಗಿ, ವೃತ್ತಿಯ ಗುಟ್ಟು ಸುರಕ್ಷತೆಯ ಅರಿವನ್ನೂ ಮನೆತನದೊಳಗೆ ಬಂಧಿಸಿತು. ಮನೆತನದ ಸಾತತ್ಯ ತುಂಡಾದಾಗ ಅರಿವೂ ತುಂಡಾಯಿತು. ಹೊಸದಾಗಿ ಕೆಲಸಕ್ಕೆ ಬಂದ ಕೂಲಿಗೆ ಬಾನಿ ಮಾತ್ರ ದೊರೆಯಿತು, ಬಾನಿಯ ಕಟ್ಟಳೆ ದೊರೆಯಲಿಲ್ಲ.

ಮೂರನೆಯದು ಅಪಘಾತದ ವಿವರಣೆಗೆ ಸಂಬಂಧಿಸಿದುದು. ಅವಘಡ ಸಂಭವಿಸಿದಾಗ ದೇವತೆ ಮುನಿದಳು, ಮಡಿ ತಪ್ಪಿತು, ನೆಲ ಬಲಿ ಕೇಳಿತು ಎಂಬ ವಿವರಣೆಗಳು ಜನಪದ ನಂಬಿಕೆಯಲ್ಲಿ ಸಾಮಾನ್ಯ. ಇವು ದುಃಖವನ್ನು ಸಹ್ಯವಾಗಿಸುತ್ತವೆ, ಆದರೆ ಕಾರಣದ ಶೋಧವನ್ನು ನಿಲ್ಲಿಸುತ್ತವೆ. ಅಷ್ಟಲ್ಲದೆ ಮಡಿ ತಪ್ಪಿದ ದೋಷವನ್ನು ಹೆಚ್ಚಾಗಿ ಹೆಣ್ಣಿನ ಇಲ್ಲವೇ ಕೆಳಗಿನವನ ಮೇಲೆ ಹೊರಿಸುತ್ತವೆ. ಇಂದಿನ ಅಪಘಾತದ ವರದಿಗಳಲ್ಲಿ ಪದೇ ಪದೇ ಬರುವ ‘ಕಾರ್ಮಿಕನ ಅಜಾಗರೂಕತೆ’ ಎಂಬ ನುಡಿಯ ರಚನೆಯೂ ಇದಕ್ಕಿಂತ ಭಿನ್ನವಾಗಿಲ್ಲ. ಸತ್ತವನ ತಪ್ಪೆಂದು ಹೇಳಿ ತನಿಖೆ ಮುಗಿಸುವುದು ಆಧುನಿಕ ವೇಷದ ಮಡಿಯ ವಿವರಣೆಯೇ. ಕವಾಟ ಏಕೆ ಸೋರಿತು, ಪರೀಕ್ಷೆ ಏಕೆ ನಡೆಯಲಿಲ್ಲ, ನಿಲ್ಲಿಸು ಎಂದು ಹೇಳುವವರು ಏಕೆ ಇರಲಿಲ್ಲ ಎಂದು ಕೇಳುವುದೇ ಪ್ರಕ್ರಿಯಾ ಸುರಕ್ಷತೆಯ ದಾರಿ.

9. ಸಮಾರೋಪ

ಇದುವರೆಗಿನ ವಿವೇಚನೆಯಿಂದ ಸುರಕ್ಷತೆಯ ಕಟ್ಟಳೆಗೆ ಮೂರು ಅಂಗಗಳಿವೆ ಎಂದು ಹೇಳಬಹುದು: ಕ್ರಮ, ಸಾಧನ ಮತ್ತು ತಡೆಯುವ ಅಧಿಕಾರ. ಹಗೇವಿನ ಬಾಯಲ್ಲಿ ಈ ಮೂರೂ ಒಂದೇ ಕಡೆ, ಒಂದೇ ಹೊತ್ತಿನಲ್ಲಿ, ಕಣ್ಣೆದುರು ಇದ್ದವು. ದೀಪ ಆರಿದ್ದನ್ನು ಎಲ್ಲರೂ ನೋಡುತ್ತಿದ್ದರು. ಅದಕ್ಕೆ ಸಹಿ ಬೇಕಿರಲಿಲ್ಲ. ಆಧುನಿಕ ವ್ಯವಸ್ಥೆಯಲ್ಲಿ ಕ್ರಮವು ಕಡತದಲ್ಲಿ, ಸಾಧನವು ಕಪಾಟಿನಲ್ಲಿ, ಅಧಿಕಾರವು ಕಚೇರಿಯಲ್ಲಿ ಉಳಿಯುವ ಸಾಧ್ಯತೆಯಿದೆ. ಮೂರೂ ತೊಟ್ಟಿಯ ಬಾಯಲ್ಲಿ ಕೂಡದಿದ್ದರೆ ಪರವಾನಗಿ ಪತ್ರವು ಕಾಗದವಾಗಿಯೇ ಉಳಿಯುತ್ತದೆ.

ಈ ದಿಸೆಯಲ್ಲಿ ಜಾನಪದ ಅಧ್ಯಯನವು ಮಾಡಬಹುದಾದ ಕೆಲಸಗಳಿವೆ. ಹಗೇವು, ಸುಣ್ಣದ ಗೂಡು, ಬಾನಿ, ಬಾವಿಗಳಿಗೆ ಸಂಬಂಧಿಸಿದ ಎಚ್ಚರಿಕೆಯ ಮಾತುಗಳನ್ನೂ ನಿಷೇಧಗಳನ್ನೂ ಹಿರಿಯರಿಂದ ಪ್ರತ್ಯೇಕವಾಗಿ ಸಂಗ್ರಹಿಸಬೇಕು. ಹಗೇವು ಬಳಸಿದ ತಲೆಮಾರು ಕಣ್ಮರೆಯಾಗುತ್ತಿರುವುದರಿಂದ ಇದು ತುರ್ತಿನ ಕೆಲಸ. ಬಣ್ಣದ ಮನೆಗಳಲ್ಲಿ ರಾಸಾಯನಿಕಗಳಿಗೆ ಬಳಕೆಯಲ್ಲಿರುವ ಆಡುಹೆಸರುಗಳ ಕೋಶವೊಂದು ಸಿದ್ಧವಾಗಬೇಕು. ಡಬ್ಬಿಯ ಮೇಲಿನ ಹೆಸರಿಗೂ ಬಾಯಿಮಾತಿನ ಹೆಸರಿಗೂ ಸಂಬಂಧ ತಿಳಿಯದೆ ಯಾವ ತರಬೇತಿಯೂ ಫಲಿಸದು. ವಿಶ್ವಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಅಪಾಯದ ಚಿತ್ರಸಂಕೇತಗಳು ಓದು ಬಾರದವರಿಗೂ ತಲುಪುವಂಥವು. ಹಿಂದೆ ಡಬ್ಬಿಯ ಮೇಲಿನ ಲಕ್ಷ್ಮಿಯ ಚಿತ್ರದಿಂದ ಬಣ್ಣವನ್ನು ಗುರುತಿಸಿದ ಜನರ ಮೊಮ್ಮಕ್ಕಳಿಗೆ, ಕೈಯನ್ನು ಕರಗಿಸುವ ದ್ರವದ ಚಿತ್ರದಿಂದ ಕ್ಷಾರವನ್ನು ಗುರುತಿಸುವುದು ಕಷ್ಟವಾಗಲಾರದು.

ತೇರದಾಳ ಸೀಮೆಯಲ್ಲಿ ಹಗೇವುಗಳು ಮುಚ್ಚಿಹೋಗುತ್ತಿವೆ, ತೊಟ್ಟಿಗಳು ಹೆಚ್ಚುತ್ತಿವೆ. ಇಳಿಯುವ ಮೊದಲು ನೋಡಬೇಕು, ನೋಡಿದವನು ಬೇಡವೆಂದರೆ ನಿಲ್ಲಬೇಕು ಎಂಬ ವಿವೇಕವು ಈ ನೆಲಕ್ಕೆ ಹೊಸದಲ್ಲ. ಅದನ್ನು ಹೊಸ ಸಾಧನದೊಂದಿಗೆ, ಇಳಿಯುವವನಿಗೂ ಬೇಡವೆನ್ನುವ ಹಕ್ಕಿನೊಂದಿಗೆ, ದೊಡ್ಡ ಕಾರ್ಖಾನೆಯಿಂದ ಹಿಡಿದು ಹಿತ್ತಲಿನ ಬಣ್ಣದ ತೊಟ್ಟಿಯವರೆಗೆ ತಲುಪಿಸುವುದು ಕಾನೂನು, ಉದ್ಯಮ ಮತ್ತು ಅಧ್ಯಯನ ಮೂರರ ಕೂಡುಹೊಣೆಯಾಗಿದೆ.